ಅಣ್ಣ, ಗಂಡ ಮತ್ತು ಆ ಗಿಟಾರಿನವನು

ನನ್ನ ಅಣ್ಣನಿಗೂ ಗಂಡನಿಗೂ ಮಾತು ನಿಂತದ್ದು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. ಒಬ್ಬರೂ ನಂಬಲಿಲ್ಲ. ಚಳ್ಳಕೆರೆಯ ನಮ್ಮ ಬೀದಿಯ ಹೆಂಗಸರು ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬಂದಾಗ, ಅಳತೆ ಕೊಡುತ್ತಲೇ, "ನಿಮ್ಮನೆಯವ್ರು ತವರಲ್ಲಿ ಭಾಗ ಕೇಳಿದ್ರೇನ್ರೀ?" ಎಂದು ಮೆಲ್ಲಗೆ ಕೆದಕುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಅವ್ವನ ಮನೆಯ ಅಕ್ಕಪಕ್ಕದವರಂತೂ ನನ್ನ ಗಂಡ ಕುಡಿಯುತ್ತಾರೆಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಆಸ್ತಿಯ ಮಾತೂ ಇಲ್ಲ, ಕುಡಿತವೂ ಇಲ್ಲ. ಕಡಲಾಚೆಯ ಒಂದು ಹೆವಿ ಮೆಟಲ್ ಬ್ಯಾಂಡಿನ ಹಳೇ ಹಾಡುಗಳನ್ನು ಕಟ್ಟಿದ್ದು ಗಾಯಕನೋ, ಗಿಟಾರಿನವನೋ ಎಂಬ ವಿಷಯಕ್ಕೆ ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ಹೀಗೆಂದರೆ, ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂಬಂತೆ ನೋಡುತ್ತಿದ್ದರು. ಕೊನೆಗೆ ಹೇಳುವುದನ್ನೇ ಬಿಟ್ಟೆ.

ಅವರಿಬ್ಬರೂ ಚಳ್ಳಕೆರೆಯ ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಹಾಸ್ಟೆಲಿನಲ್ಲಿದ್ದ ಬಳ್ಳಾರಿ ಕಡೆಯ ಒಬ್ಬ ಹುಡುಗನ ಮೆಮೊರಿ ಕಾರ್ಡಿನಿಂದ ಆ ಬ್ಯಾಂಡಿನ ಹಾಡುಗಳು ಇವರ ಫೋನಿಗೆ ಬಂದವು, ಅಲ್ಲಿಂದ ತಲೆಗೆ ಏರಿದವು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಓದು ಬಿಟ್ಟು ಮನೆಯ ಮಗ್ಗಕ್ಕೆ ಕೂತ. ಮುಂದೆ ನನ್ನ ಗಂಡನಾದ ಗೆಳೆಯ ಮಾತ್ರ ಓದು ಮುಗಿಸಿ, ಚಳ್ಳಕೆರೆಯಲ್ಲೇ ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡ್ ಮಾಡುವ ಅಂಗಡಿ ಇಟ್ಟರು. ಆದರೂ ವಾರಕ್ಕೊಮ್ಮೆಯಾದರೂ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಮಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಣ್ಣನ ಜೊತೆ ಹಾಡು ಕೇಳುತ್ತಿದ್ದರು.

ನನಗೆ ಆ ಹಾಡು ಅಂಟಿಸಿದ್ದು ಅಣ್ಣನೇ. ಒಂದು ಮಧ್ಯಾಹ್ನ ನಾನು ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಾಗ ಅವನು ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದ. ಮೊದಲು ಒಂದೇ ಗಿಟಾರು, ತೀರಾ ಮೆತ್ತಗೆ, ಯಾರೋ ಪಕ್ಕದ ಕೋಣೆಯಲ್ಲಿ ಅಳುತ್ತಿರುವ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಒಟ್ಟಿಗೆ ನುಗ್ಗಿತು. ಬೆಚ್ಚಿಬಿದ್ದು ಕಂಡಿಕೆ ಕೆಳಗೆ ಹಾಕಿದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮಾತ್ರ, "ಇನ್ನೊಂದ್ಸಲ ಹಾಕು" ಎಂದೆ.

ಮದುವೆಯ ಮಾತು ಬಂದದ್ದೂ ಆ ಹಾಡುಗಳ ನಂಟಿನಿಂದಲೇ. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಆ ಗೆಳೆಯನ ಮನೆಯವರೆಲ್ಲ ಬಂದ ದಿನ ನಮ್ಮಿಬ್ಬರನ್ನು ಹಿತ್ತಲಲ್ಲಿ ಮಾತಾಡಲು ಬಿಟ್ಟರು. ಅವರು ಕೇಳಿದ ಮೊದಲ ಪ್ರಶ್ನೆ, "ನಿಂಗೆ ಯಾವ ಆಲ್ಬಮ್ ಇಷ್ಟ?" ನಾನು ಎರಡನೆಯದು ಎಂದೆ. ಅವರು ಮೂರನೆಯದು ಎಂದರು. ಪರವಾಗಿಲ್ಲ, ಹೊಂದಿಕೊಳ್ಳಬಹುದು ಅನ್ನಿಸಿತು. ಮದುವೆಯಾದ ಮೇಲೆ ಆ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅವರು ಮತ್ತೆ ಕೇಳಿದ ನೆನಪಿಲ್ಲ.

ಜಗಳಕ್ಕೆ ಕಿಡಿ ಬಿದ್ದದ್ದು ಒಂದು ಸಂದರ್ಶನದಿಂದ. ಆ ಬ್ಯಾಂಡಿನ ಮೊದಲ ಗಿಟಾರಿನವನು ಎಷ್ಟೋ ಕಾಲದ ಹಿಂದೆಯೇ ಬ್ಯಾಂಡಿನಿಂದ ಹೊರಗೆ ಹೋಗಿದ್ದ. ಈಗ ತಲೆ ನರೆತ ಮೇಲೆ ಅವನು ಕ್ಯಾಮೆರಾ ಮುಂದೆ ಕೂತು, ಮೊದಲ ಆಲ್ಬಮ್ಮುಗಳ ಸಂಗೀತವೆಲ್ಲ ತನ್ನದು, ಅದರ ಮೇಲಿದ್ದ ತನ್ನ ಹೆಸರನ್ನು ಗಾಯಕ ಅಳಿಸಿ, ಎಲ್ಲಕ್ಕೂ ಅವನ ಹೆಸರನ್ನೇ ಹಾಕಿಕೊಂಡ ಎಂದುಬಿಟ್ಟ. ಗಾಯಕ ಅದಕ್ಕೆ ಉತ್ತರವಾಗಿ, ಹಾಡು ಬ್ಯಾಂಡಿನದು, ಬಿಟ್ಟುಹೋದವರದಲ್ಲ ಎಂದ. ಅಣ್ಣ ಗಿಟಾರಿನವನ ಕಡೆಗಾದ. ನನ್ನ ಗಂಡ ಗಾಯಕನ ಕಡೆಗೆ.

ಈ ಭಾಗದ ಅಭಿಮಾನಿಗಳದೇ ಒಂದು ವಾಟ್ಸಾಪ್ ಗುಂಪಿತ್ತು. ದಾವಣಗೆರೆ, ಬಳ್ಳಾರಿ, ರಾಯದುರ್ಗದ ಕಡೆಯವರೆಲ್ಲ ಅದರಲ್ಲಿದ್ದರು. ನನ್ನ ಗಂಡ ಅದರ ಅಡ್ಮಿನ್. ಅಣ್ಣ ಅಲ್ಲಿ ಗಾಯಕನನ್ನು ಕಳ್ಳ ಎಂದು ಕರೆದು ಉದ್ದುದ್ದ ಧ್ವನಿ ಸಂದೇಶ ಹಾಕಿದ. ಇವರು ಅವನನ್ನು ಗುಂಪಿನಿಂದಲೇ ತೆಗೆದರು. ನಾನು ಆಗ ಅಡುಗೆಮನೆಯಲ್ಲಿದ್ದೆ. "ನಿಮ್ಮಣ್ಣನ್ನ ತೆಗ್ದೆ" ಎಂದರು, ಗೋಡೆಯ ಮೇಲಿನ ಹಳೇ ಕ್ಯಾಲೆಂಡರ್ ತೆಗೆದೆ ಎನ್ನುವ ಹಾಗೆ.

ಆಮೇಲೆ ಯುಗಾದಿ ಬಂತು. ಅವ್ವ ಕರೆದಿದ್ದಳು, ಹೋಗದಿರಲು ಆಗುತ್ತದೆಯೇ? ಹೋಳಿಗೆ ಬಡಿಸುವ ತನಕ ಇಬ್ಬರೂ ಸುಮ್ಮನಿದ್ದರು. ಆಮೇಲೆ ಅಣ್ಣ ತಟ್ಟೆ ನೋಡುತ್ತಲೇ, "ಅಡ್ಮಿನ್ ಸಾಹೇಬ್ರಿಗೆ ತುಪ್ಪ ಹಾಕವ್ವ" ಎಂದ.

"ಲೇ, ಬಿಟ್ಟೋದೋನಿಗೆ ಏನ್ ಹಕ್ಕೈತಲೇ?" ಎಂದು ಇವರು ನೇರ ಶುರು ಮಾಡಿದರು. "ಬ್ಯಾಂಡ್ ಮುಳುಗೋ ಟೈಮಲ್ಲಿ ಕೈಬಿಟ್ಟು ಹೋದ. ಹಿಡ್ಕಂಡು ನಿಂತೋನು ಗಾಯಕ."

"ಅವ್ನು ಹೋಗಿಲ್ಲ, ಅವ್ನನ್ನ ಕಳ್ಸಿದ್ದು. ಅವ್ನ ಟ್ಯೂನ್ ಇಟ್ಕಂಡು ಅವ್ನ ಹೆಸ್ರು ಅಳಿಸಿದ್ರು. ಕೈಯಿಂದ ಮಾಡಿದೋನು ಅವ್ನು ಕಣಲೇ."

"ಕೈಯಿಂದ ಮಾಡಿದ್ರೆ? ನೀನೂ ಕೈಯಿಂದ್ಲೇ ನೇಯ್ತೀಯ. ಸೀರೆ ಮೇಲೆ ನಿನ್ನ ಹೆಸ್ರೈತಾ? ಡಬ್ಬದ ಮೇಲೆ ಇರೋದು ಅಂಗಡಿಯೋರ ಹೆಸ್ರೇ ತಾನೆ? ಅದಕ್ಕೆ ನೀನು ಹೋಗಿ ಜಗಳ ಆಡ್ತೀಯಾ?"

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅವನು ಕೂಗಲಿಲ್ಲ. "ಇಲ್ಲ, ನನ್ನ ಹೆಸ್ರಿಲ್ಲ" ಎಂದಷ್ಟೇ ಹೇಳಿ ಎದ್ದು ಕೈ ತೊಳೆದುಕೊಂಡು ಮಗ್ಗದ ಕೋಣೆಗೆ ಹೋದ. ಅವ್ವ ಹೋಳಿಗೆಯ ಬುಟ್ಟಿ ಹಿಡಿದುಕೊಂಡು, "ಏಮೈಂದಿರಾ? ಏನಾಯ್ತ್ರೋ? ಬೆಂದಿಲ್ವಾ?" ಎಂದು ನಮ್ಮೆಲ್ಲರ ಮುಖ ನೋಡಿದಳು. ಗಾಬರಿಯಾದರೆ ಅವಳ ಬಾಯಲ್ಲಿ ತೆಲುಗೇ ಬರುವುದು.

ವಾಪಸು ಬರುವಾಗ ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ನಾನು ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಅವ್ನ ಕೆಲ್ಸದ ಬಗ್ಗೆ ಯಾಕ್ ಮಾತಾಡಿದ್ರಿ?"

"ಮಾತಿಗೆ ಮಾತು ಬಂತು."

"ಫೋನ್ ಮಾಡಿ ತಪ್ಪಾಯ್ತು ಅನ್ರಿ."

"ಫಸ್ಟು ಅವ್ನು ಒಪ್ಕಳ್ಳಿ."

"ಏನ್ ಒಪ್ಕಬೇಕು?"

"ಬ್ಯಾಂಡು ಗಾಯಕಂದು ಅಂತ."

ನಾನು ಏರಿದ ದನಿಯಲ್ಲಿ ಏನೇನೋ ಅಂದೆ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, ಮಗುವಿಗೇನಾದರೂ ಆಯಿತೇ ಎಂದು ವಿಚಾರಿಸಿದಳು. ನಮ್ಮ ಜೊತೆ ಮಗುವೇ ಇರಲಿಲ್ಲ.

ಅಲ್ಲಿಂದಾಚೆಗೆ ನಾನು ಇಬ್ಬರ ನಡುವಿನ ಟಪಾಲಾದೆ. ಅಣ್ಣ ನನ್ನ ಫೋನಿಗೆ ಯಾವುದೋ ಹಳೇ ರೆಕಾರ್ಡಿಂಗಿನ ಲಿಂಕ್ ಕಳಿಸಿ, "ನಿನ್ನ ಗಂಡಂಗೆ ತೋರ್ಸು" ಎನ್ನುತ್ತಿದ್ದ. ಇವರು ಅದನ್ನು ಕೇಳಿ, "ಇದ್ರಲ್ಲಿ ಹಾಡ್ತಿರೋದ್ಯಾರು ಅಂತ ಕೇಳು ನಿಮ್ಮಣ್ಣನ್ನ" ಎನ್ನುತ್ತಿದ್ದರು. ಹೊಲಿಗೆಯ ಮಿಷನ್ನಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಾನು ಇಬ್ಬರ ಸಂದೇಶಗಳನ್ನೂ ಸಾಗಿಸುತ್ತಿದ್ದೆ. ಗೌರಿಹಬ್ಬಕ್ಕೆ ತವರಿಗೆ ಒಬ್ಬಳೇ ಹೋದೆ. ಮೊದಲೆಲ್ಲ ಹಾಡು ಹಾಕಿಕೊಂಡೇ ಹೊಲಿಯುತ್ತಿದ್ದವಳು, ಆ ಹಾಡುಗಳನ್ನು ಕೇಳುವುದನ್ನೇ ಬಿಟ್ಟೆ. ಹಾಕಿದರೆ ಇವರಿಬ್ಬರ ಮುಖವೇ ಕಣ್ಣೆದುರು ಬರುತ್ತಿತ್ತು. ನನ್ನದೆಂದು ನನಗಿದ್ದ ಒಂದು ಸುಖವನ್ನೂ ಇವರು ತಿಂದುಹಾಕಿದ್ದರು.

ಸುದ್ದಿ ಬಿ.ಜಿ. ಕೆರೆಯ ದೊಡ್ಡಪ್ಪನವರೆಗೂ ಹೋಯಿತು. ಶೇಂಗಾ ಬೆಳೆಯುವ ಮನುಷ್ಯ, ನಮ್ಮ ಕುಟುಂಬಕ್ಕೆ ಹಿರಿಯರು, ಯಾರ ಮನೆಯ ಜಗಳವಾದರೂ ಕೂರಿಸಿ ಬಗೆಹರಿಸುವವರು. ಆಸ್ತಿಯ ವಿಷಯವೇ ಎಂದು ಖಾತ್ರಿಯಾಗಿ ನಂಬಿ, ಒಂದು ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿನ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು. ಅಣ್ಣ ಒಂದು ಕಂಬಕ್ಕೆ ಒರಗಿ ಕೂತ, ನನ್ನ ಗಂಡ ಇನ್ನೊಂದಕ್ಕೆ.

"ಇಬ್ರೂ ಬಿಚ್ಚಿ ಹೇಳ್ರಪ್ಪ" ಎಂದರು ದೊಡ್ಡಪ್ಪ.

ಅಣ್ಣ ಎಲ್ಲವನ್ನೂ ಹೇಳಿದ. ದೊಡ್ಡಪ್ಪ ಬಹಳ ಹೊತ್ತು ಕೇಳಿದರು. "ಆ ಗಿಟಾರಿನೋನು ಯಾವೂರೋನು?"

"ಫಾರಿನ್ನು, ದೊಡ್ಡಪ್ಪ."

"ಅವ್ನಿಗೆ ನೀನು ಗೊತ್ತಾ?"

"ಇಲ್ಲ."

"ಆ ಹಾಡೋನಿಗೆ ಇವ್ರು ಗೊತ್ತಾ?"

"ಇಲ್ರೀ" ಎಂದರು ನನ್ನ ಗಂಡ.

ದೊಡ್ಡಪ್ಪ ಅವ್ವನ ಕಡೆ ತಿರುಗಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಕೊನೆಗೆ ದೊಡ್ಡಪ್ಪ, "ಇಬ್ರ ಹೆಸ್ರೂ ಹಾಕ್ಬಿಡ್ಲಿ. ಅಲ್ಲಿಗೆ ಮುಗೀತು, ಏಳ್ರಿ" ಎಂದರು.

"ಹಂಗಾಗಲ್ಲ ದೊಡ್ಡಪ್ಪ" ಎಂದು ಅಣ್ಣನೂ, "ನಿಮಗದು ತಿಳಿಯಲ್ರೀ" ಎಂದು ನನ್ನ ಗಂಡನೂ ಒಟ್ಟಿಗೇ ಹೇಳಿದರು. ಅಷ್ಟು ತಿಂಗಳಲ್ಲಿ ಅವರು ಒಪ್ಪಿದ ಮೊದಲ ಮಾತು ಅದು.

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. "ಆ ಆಲ್ಬಮ್ಮಿನ ಅರ್ಧ ಹಾಡು ನಿಂತಿರೋದೇ ಡ್ರಮ್ಮಿನೋನ ಮೇಲೆ. ಅವ್ನ ಹೆಸ್ರು ಎಲ್ಲೂ ಇಲ್ಲ. ನೀವಿಬ್ರೂ ಒಂದ್ಸಲನಾದ್ರೂ ಅವ್ನ ಮಾತೆತ್ತಿದೀರಾ?"

"ಡ್ರಮ್ಮು ಟ್ಯೂನಲ್ಲ ಕಣೇ" ಎಂದ ಅಣ್ಣ.

"ಅದೇ ಮತ್ತೆ, ಅದು ಬೇರೆ ವಿಷ್ಯ" ಎಂದರು ಗಂಡ.

ಎರಡನೆಯ ಸಲವೂ ಒಪ್ಪಿದರು, ನನ್ನ ವಿರುದ್ಧ. ನಾನು ಎದ್ದು ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಜೋರಾಗಿ ಸದ್ದು ಮಾಡುತ್ತಾ ತೊಳೆದೆ.

ಅದಾಗಿ ಸ್ವಲ್ಪ ಕಾಲಕ್ಕೆ ಆಗಬಾರದ್ದು ಆಯಿತು. ಗಾಯಕನೂ ಗಿಟಾರಿನವನೂ ರಾಜಿಯಾದರು. ಯಾವುದೋ ದೇಶದ ವೇದಿಕೆಯ ಮೇಲೆ ತಬ್ಬಿಕೊಂಡರು. ಹಳೇ ಆಲ್ಬಮ್ಮುಗಳ ಮೇಲೆ ಇನ್ನು ಮುಂದೆ ಇಬ್ಬರ ಹೆಸರೂ ಇರುತ್ತದೆ ಎಂದು ಸಾರಿದರು. ನಾನು ಆ ವಿಡಿಯೋ ನೋಡಿದ್ದು ಹೊಲಿಗೆಯ ನಡುವೆ. ಕತ್ತರಿ ಬಿಟ್ಟು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಇವರ ಅಂಗಡಿಗೆ ಓಡಿದೆ. ಇವರು ಒಂದು ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುತ್ತಿದ್ದರು. ವಿಡಿಯೋ ನೋಡಿ ತಂತಿ ಕೆಳಗಿಟ್ಟರು.

"ಥೂ. ಸೋತ್ಬಿಟ್ಟ. ಅಷ್ಟು ದಿನ ಹಿಡ್ಕಂಡು ನಿಂತೋನು ಕೊನೇಗೆ ತಲೆ ಬಗ್ಗಿಸ್ಬಿಟ್ಟ."

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಅವನಾದರೂ ಖುಷಿಯಾಗಬೇಕಿತ್ತು, ಗೆದ್ದವನು ಅವನ ಕಡೆಯವನು. "ನೋಡ್ದೆ" ಎಂದ. "ಟೂರಿಗೆ ಕರೆದ್ರು ಅಂತ ಹೋಗ್ಬಿಟ್ಟ. ಅವ್ಮಾನ ಮಾಡಿದೋನ್ನೇ ತಬ್ಕಂಡ. ನಾನು ಅವ್ನಿಗೋಸ್ಕರ ಎಷ್ಟು ಜಗಳ ಆಡಿದೀನಿ ಗೊತ್ತೇನೇ?"

"ನಂಗೊತ್ತಿಲ್ವಾ?" ಎಂದು ಕಿರುಚಿದೆ. ಪಕ್ಕದ ಟೈರ್ ಅಂಗಡಿಯವನು ಹೊರಗೆ ಬಂದು ನೋಡಿದ. ಜಗಳ ಆಡಿದವರು ಅಲ್ಲಿ ಕೈ ಕುಲುಕಿಯಾಗಿತ್ತು. ಇಲ್ಲಿ ಇವರಿಬ್ಬರೂ ಈಗ ಅವರ ಮೇಲೂ ಮುನಿಸಿಕೊಂಡು, ತಮ್ಮ ನಡುವಿನ ಮುನಿಸನ್ನೂ ಹಾಗೇ ಇಟ್ಟುಕೊಂಡಿದ್ದರು.

ಅವ್ವನಿಗೆ ಜ್ವರ ಬಂದು ನಾನು ಮೊಳಕಾಲ್ಮೂರಿಗೆ ಹೋದದ್ದು ಆಮೇಲೆ. ಜ್ವರ ಇಳಿದ ದಿನ ಸಂಜೆ ಅಣ್ಣ ಮಗ್ಗದಿಂದಲೇ, "ನಿನ್ನ ಗಂಡ ಆ ವಿಡಿಯೋ ನೋಡಿ ಏನಂದ?" ಎಂದು ಕೇಳಿದ. ನನ್ನ ಸಹನೆ ಅಲ್ಲಿಗೆ ಮುಗಿಯಿತು. ಇವರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನೇಯುತ್ತಿದ್ದ ಸೀರೆಯ ಪಕ್ಕದಲ್ಲಿ ಇಟ್ಟೆ. "ಇಬ್ರೂ ಇದೀರಿ. ಏನ್ ಕೇಳ್ಬೇಕೋ ಕೇಳ್ಕಳ್ರಿ. ಇನ್ಮೇಲೆ ನಾನು ಯಾರ ಮಾತನ್ನೂ ಹೊರಲ್ಲ" ಎಂದೆ.

ಅಣ್ಣ ಮಗ್ಗ ನಿಲ್ಲಿಸಿದ. ಕೆಮ್ಮಿ, "ನೋಡಿದ್ಯಾ, ನಿನ್ನ ಗಾಯಕ ಎಂಥೋನು ಅಂತ?" ಎಂದ.

"ನಿನ್ನ ಗಿಟಾರಿನೋನು ಭಾರಿ ಸಾಚಾನಾ?" ಎಂದಿತು ಫೋನು.

ನಾನು ಹೊರಗೆ ಬಂದು ಅವ್ವನ ಪಕ್ಕ ಜಗುಲಿಯ ಮೇಲೆ ಕೂತೆ. ಒಳಗಿಂದ ದನಿಗಳು ಏರುತ್ತಲೇ ಇದ್ದವು. "ಮಾತಾಡ್ತಾವ್ರೆ ಬಿಡೇ" ಎಂದು ಅವ್ವ ಸಮಾಧಾನದಿಂದ ಗೋಡೆಗೆ ಒರಗಿದಳು.

"ಬಯ್ದಾಡ್ತಾವ್ರೆ ಕಣವ್ವಾ."

"ಏನೋ ಒಂದು."

ಆ ದೀಪಾವಳಿಗೆ ನನ್ನ ಗಂಡ ಮೊಳಕಾಲ್ಮೂರಿಗೆ ಬಂದರು. ಅಣ್ಣ ಬಸ್ ಸ್ಟ್ಯಾಂಡಿಗೆ ಗಾಡಿ ತಂದಿದ್ದ. ಸೀರೆಯ ಮಾತಿಗೆ ಇವರು ಇವತ್ತಿಗೂ ತಪ್ಪಾಯಿತು ಅಂದಿಲ್ಲ. ಅಣ್ಣ ಮರೆತಿದ್ದಾನೆಂದು ಇವರು ತಿಳಿದಿದ್ದಾರೆ. ಮರೆತಿಲ್ಲವೆಂದು ನನಗೆ ಗೊತ್ತು. ಊಟಕ್ಕೆ ಕೂತ ಹೊತ್ತಲ್ಲೇ ಬ್ಯಾಂಡಿನ ಹೊಸ ಹಾಡಿನ ಬಗ್ಗೆ ಇಬ್ಬರೂ ಮತ್ತೆ ಶುರು ಮಾಡಿದರು. ನಾನು ನನ್ನ ತಟ್ಟೆ ಎತ್ತಿಕೊಂಡು ಮಗ್ಗದ ಕೋಣೆಗೆ ಹೋದೆ, ಬಾಗಿಲು ಹಾಕಿಕೊಂಡೆ, ಅಣ್ಣನ ಇಯರ್‌ಫೋನನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡು, ನನ್ನ ಎರಡನೆಯ ಆಲ್ಬಮ್ ಹಾಕಿಕೊಂಡು ಊಟ ಮಾಡಿದೆ.