ಪೀಪಾಯಿಗೆ ಬಿದ್ದ ಕಲ್ಲುಗಳು

1974ರ ಮಾರ್ಚ್ 9, ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಮನೆಯ ಯಜಮಾನಿ ಒಂದು ಗುಟುಕು ಕೆಂಪು ವೈನನ್ನು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ನನ್ನ ಕಾಲ ಬಳಿ ಇದ್ದ ಬಕೆಟ್ಟಿಗೆ ಉಗುಳಿದರು. ಆಮೇಲೆ ಅವರ ಮಗಳು ಉಗುಳಿದಳು. ಆಮೇಲೆ ಮುದುಕ ಬತ್ತಿಸ್ತಾ. ಒಟ್ಟು ಹನ್ನೊಂದು ಸಲ. ತಾವೇ ಮಾಡಿದ್ದನ್ನು ತಾವೇ ನುಂಗದೆ ಊರಿಗೆಲ್ಲ ಮಾರುತ್ತಾರೆಂದರೆ ಇದರಲ್ಲಿ ಏನೋ ಇದೆ ಎಂದು ನನ್ನ ಪುಸ್ತಕದ ಅಂದಿನ ಪುಟದಲ್ಲಿ ಬರೆದಿದ್ದೇನೆ. ರುಚಿ ನೋಡುವವರು ನುಂಗಿದರೆ ಹತ್ತನೆಯದರ ಹೊತ್ತಿಗೆ ನಾಲಿಗೆ ಮಂದವಾಗುತ್ತದೆ ಎಂಬುದು ನನಗೆ ತಿಳಿದದ್ದು ಮೂರು ವಾರದ ಮೇಲೆ.

ಇದು ಇಟಲಿಯ ಉತ್ತರದ ಗುಡ್ಡಗಳ ನಡುವಿನ ಒಂದು ಮನೆತನದ ದ್ರಾಕ್ಷಿ ತೋಟ. ಹಿರಿಯೂರಿನ ಕಡೆ ದ್ರಾಕ್ಷಿ ಚಪ್ಪರ ಹಾಕಿರುವ ಯಜಮಾನರೊಬ್ಬರು, ತಮಗೆ ಪರಿಚಯದ ಪಾದ್ರಿಯೊಬ್ಬರ ಮೂಲಕ ಕೆಲಸ ಕಲಿತು ಬಾ ಎಂದು ನನ್ನನ್ನು ಇಲ್ಲಿಗೆ ಕಳಿಸಿದರು. ನನ್ನ ಕರಾರು ನವೆಂಬರ್ 11ರವರೆಗೆ. ಆ ದಿನಕ್ಕೆ ಇಲ್ಲಿ ಒಬ್ಬ ಸಂತನ ಹೆಸರು: ಸಾನ್ ಮಾರ್ತಿನೋ. ತೋಟದಾಳುಗಳ ವರ್ಷ ಮುಗಿಯುವುದು ಅಂದೇ. ಮುಂದಕ್ಕೆ ಬೇಡವಾದವರು ಹಾಸಿಗೆ, ಪಾತ್ರೆ, ಕೋಳಿಗೂಡು ಹೇರಿಕೊಂಡು ಹೊರಡಬೇಕು. ನನಗೆ ಇನ್ನೊಂದು ವರ್ಷ ಬೇಕೇ ಬೇಕಿತ್ತು. ಬಳ್ಳಿ ಸವರುವ ಕೆಲಸ ಚಳಿಗಾಲದ್ದು. ಅದನ್ನು ಕಲಿಯದೆ ಊರಿಗೆ ಹೋದರೆ ಕಲಿತದ್ದೆಲ್ಲ ಅರ್ಧ.

ನನ್ನ ಕೋಣೆ ಕುದುರೆ ಲಾಯದ ಮೇಲಿನ ಅಟ್ಟ. ಊಟಕ್ಕೆ ಪೊಲೆಂತಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ಮುದ್ದೆಯನ್ನು ಬೆರಳಲ್ಲಿ ಮುರಿದು ಸಾರಿಗೆ ಅದ್ದುತ್ತೇವೆ. ಇವರು ಹಲಗೆಯ ಮೇಲೆ ಸುರಿದು ದಾರದಿಂದ ಕೊಯ್ಯುತ್ತಾರೆ. ಸಾರೇ ಇಲ್ಲ. ಯಜಮಾನಿಯನ್ನು ಎಲ್ಲರೂ ಸಿನ್ಯೋರಾ ಎನ್ನುತ್ತಾರೆ, ನಾವು ಅಮ್ಮಾವ್ರು ಎಂದಂತೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಕುಡಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಅವರು ತಲೆಯಾಡಿಸಿದರು. ಬತ್ತಿಸ್ತಾ ಆಡಿಸಲಿಲ್ಲ. ನಲವತ್ತು ವರ್ಷದಿಂದ ನೆಲಮಾಳಿಗೆಯ ಉಸ್ತುವಾರಿ ಅವನದು. ಅವನು ಆಡುವುದು ಪುಸ್ತಕದ ಇಟಾಲಿಯನ್ ಅಲ್ಲ, ಆ ಗುಡ್ಡದ ಮಾತು. ಅದನ್ನು ನಮ್ಮೂರ ಮಾತಿನಲ್ಲೇ ಬರೆಯುವುದು ಸರಿ.

"ಏನಪ್ಪ, ಕುಡಿಯಲ್ಲ ಅಂತೀಯ. ಈಜು ಬರದವನು ದೋಣಿ ಕೆಲ್ಸಕ್ಕೆ ಬಂದಂಗಾಯ್ತು" ಎಂದಿದ್ದ.

ನೆಲಮಾಳಿಗೆಯಲ್ಲಿ 1971ರ ವೈನು ತುಂಬಿದ ಆರು ಪೀಪಾಯಿಗಳಿದ್ದವು. ಹಾಗೆ ನಾಲ್ಕು ವರ್ಷ ಮರದಲ್ಲಿ ಕೂತ ಮೇಲೆಯೇ ಸೀಸೆಗೆ. ಶನಿವಾರ ಶನಿವಾರ ಪೀಪಾಯಿಯ ಬಿರಟೆ ತೆಗೆದು, ಎಷ್ಟು ಇಳಿದಿದೆಯೋ ಅಷ್ಟನ್ನು ಅದೇ ವರ್ಷದ ವೈನಿನಿಂದ ತುಂಬಿಸಬೇಕು. ಅದಕ್ಕೆಂದೇ ದೊಡ್ಡ ಗಾಜಿನ ಜಾಡಿಗಳಲ್ಲಿ ಬೇರೆ ತೆಗೆದಿಟ್ಟಿದ್ದರು. ಜಾಡಿ ಹೊರುವುದು ನನ್ನ ಕೆಲಸ. ಯಾರೂ ಹೇಳದಿದ್ದರೂ ನಾನು ಒಂದು ಕಡ್ಡಿಗೆ ಗೀರು ಹಾಕಿ, ಪ್ರತಿ ಪೀಪಾಯಿ ಎಷ್ಟು ಇಳಿದಿದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದೆ.

ಇದು ಅಪ್ಪನಿಂದ ಬಂದ ಚಾಳಿ. ಅಪ್ಪನಿಗೆ ಮಾರಿಕಣಿವೆ ಅಣೆಕಟ್ಟೆಯಲ್ಲಿ ಕೆಲಸ. ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಏರಿಸುತ್ತಾರೆ. ನಾಲೆಯಲ್ಲಿ ನೀರು ಲೆಕ್ಕಕ್ಕಿಂತ ಕಡಿಮೆ ಬಂದರೆ ಮೇಲೆ ಯಾರೋ ತೂಬು ಎತ್ತಿದ್ದಾರೆ ಎಂದೇ ಅರ್ಥ. ಹಾಗೆ ಹೆಜ್ಜೆ ಹುಡುಕಿಕೊಂಡು ಅಪ್ಪನ ಹಿಂದೆ ನಾನೂ ಹೋಗಿದ್ದೇನೆ.

ಪೀಪಾಯಿಗಳು ಪ್ರತಿ ವಾರ ಇಳಿಯುತ್ತಿದ್ದವು. ಸೋರಿಕೆ ಇಲ್ಲ, ನೆಲ ಒಣಗಿತ್ತು. ಬೀಗದ ಕೈ ಬತ್ತಿಸ್ತಾನ ಸೊಂಟದಲ್ಲಿ. ಸೆಪ್ಟೆಂಬರಿನಲ್ಲಿ ಜಾಡಿಗಳು ಬರಿದಾದವು. ಅಂದಿನಿಂದ ಶನಿವಾರಗಳಲ್ಲಿ ಅವನು ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬನೇ ಇರುತ್ತಿದ್ದ. ಆದರೂ ಮರುದಿನ ನೆಲ ತೊಳೆಯಲು ಹೋಗಿ ಕಡ್ಡಿ ಇಳಿಸಿದರೆ ಪೀಪಾಯಿ ಭರ್ತಿ. ಹಾಕಲು ವೈನೇ ಇಲ್ಲ, ಮಟ್ಟ ಮಾತ್ರ ಮೇಲಕ್ಕೆ.

ಅಕ್ಟೋಬರ್ 26ರ ಶನಿವಾರ ಬಾಗಿಲ ಸಂದಿಯಿಂದ ನೋಡಿದೆ. ಅವನು ಬುಟ್ಟಿಯಿಂದ ಒಂದೊಂದೇ ಹೊಳೆಗಲ್ಲು ತೆಗೆದು, ಬಟ್ಟೆಯಲ್ಲಿ ಒರೆಸಿ, ಮೂರನೆಯ ಪೀಪಾಯಿಗೆ ಬಿಡುತ್ತಿದ್ದ. ಇಪ್ಪತ್ತಮೂರು ಕಲ್ಲು.

ನನಗೆ ಎಲ್ಲ ಹೊಳೆಯಿತು ಅನ್ನಿಸಿತು. ಹಿರಿಯೂರು ಸಂತೆಯಲ್ಲಿ ಉಣ್ಣೆ ಮೂಟೆಗೆ ಮರಳು ಬೆರೆಸಿ ತೂಕ ಏರಿಸಿದವರನ್ನು ನೋಡಿದ್ದೇನೆ. ಇವನು ಕುಡಿದು, ಕಲ್ಲು ಹಾಕಿ ಮಟ್ಟ ಏರಿಸುತ್ತಿದ್ದಾನೆ. ಸಾನ್ ಮಾರ್ತಿನೋಗೆ ಹದಿನಾರು ದಿನ. ಇದು ಬಯಲಿಗೆ ಬಂದಾಗ ನಲವತ್ತು ವರ್ಷದ ಬತ್ತಿಸ್ತಾನ ಮೇಲೆ ಯಾರು ಅನುಮಾನ ಪಡುತ್ತಾರೆ? ಎಂಟು ತಿಂಗಳ ಹಿಂದೆ ಬಂದ ಕಪ್ಪು ಮನುಷ್ಯನ ಮೇಲೆ ತಾನೇ? ಎರಡು ದಿನ ಯೋಚಿಸಿ, ಸೋಮವಾರ ಪುಸ್ತಕ ಹಿಡಿದು ಸಿನ್ಯೋರಾ ಹತ್ತಿರ ಹೋದೆ.

ಅವರು ಪೂರ್ತಿ ಕೇಳಿದರು. ನಗಲಿಲ್ಲ. ಬತ್ತಿಸ್ತಾನನ್ನು ಅಡುಗೆಮನೆಗೆ ಕರೆಸಿ, ಇವನ ಮುಂದೆಯೇ ಮತ್ತೊಮ್ಮೆ ಹೇಳು ಎಂದರು. ಹೇಳಿದೆ. ತಾರೀಕು ತಾರೀಕಾಗಿ ಓದಿದೆ. ಮುದುಕ ಎದ್ದು ಹೋಗಿ ಆ ಬುಟ್ಟಿಯನ್ನೇ ತಂದು ಮೇಜಿನ ಮೇಲಿಟ್ಟ. ಕಲ್ಲುಗಳು ಬಿಸಿಯಾಗಿದ್ದವು. ಆಗತಾನೇ ಕುದಿಸಿ ತೆಗೆದಿದ್ದ.

"ಎಪ್ಪತ್ತೊಂದರ ವೈನು ಮುಗೀತು" ಎಂದ. "ಪೀಪಾಯ್ ಮೇಲೆ ಖಾಲಿ ಬಿಟ್ರೆ ಗಾಳಿ ತಗಂಡು ಹುಳಿ ಆಗ್ತೈತೆ. ಬ್ಯಾರೆ ವರ್ಷದ್ದು ಬೆರೆಸಿದ್ರೆ ಅದು ಮೋಸ. ಅದಕ್ಕೇ ಕಲ್ಲು. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ."

ಹಾಗಾದರೆ ಇಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದೆ. ನನ್ನ ದನಿ ಆಗಲೇ ಸಣ್ಣದಾಗಿತ್ತು.

"ಮರ ಕುಡೀತೈತೆ. ಮಿಕ್ಕಿದ್ದು ಗಾಳಿಗೆ ಹೋಗ್ತೈತೆ."

ಅಪ್ಪನ ಪುಸ್ತಕದಲ್ಲಿ ಗೀಟು ಹಾಕಿದ ಕೊನೆಯ ಮನೆ ಇರುವುದೇ ಅದಕ್ಕೆ: ಬಿಸಿಲಿಗೆ ಆವಿಯಾದದ್ದು. ಬೇಸಿಗೆಯ ರಜೆಗಳಲ್ಲಿ ಆ ಮನೆಯನ್ನು ನಾನೇ ತುಂಬಿದ್ದೇನೆ. ಅಷ್ಟು ದೊಡ್ಡ ಕೆರೆಯ ನೀರನ್ನು ಬಿಸಿಲಿನ ಲೆಕ್ಕಕ್ಕೆ ಬರೆದವನಿಗೆ ಒಂದು ಪೀಪಾಯಿಯಲ್ಲಿ ಕದಿಯುವ ಮನುಷ್ಯನೇ ಕಂಡ.

ಬಾಗಿಲು ಯಾಕೆ ಹಾಕಿಕೊಳ್ಳುತ್ತಿದ್ದೆ ಎಂದು ಸಿನ್ಯೋರಾ ಅವನನ್ನು ಕೇಳಿದರು. ಮುದುಕ ನನ್ನ ಪುಸ್ತಕದ ಕಡೆ ಗದ್ದ ತೋರಿಸಿದ. "ಇವನು ಯಾರಿಗೂ ತಿಳೀದ ಅಕ್ಷರದಾಗೆ ಏನೇನೋ ಬರಕಂತಿದ್ದ. ವೈನು ಬ್ಯಾರೆ ಕುಡಿಯಲ್ಲ. ಪಕ್ಕದ ತೋಟದೋರು ಕಳ್ಸಿರೋ ಆಳು ಅನ್ಕಂಡಿದ್ದೆ."

ಆಗ ಸಿನ್ಯೋರಾ ತೀರ್ಮಾನ ಹೇಳಿದರು. ಕಳ್ಳನೆನಿಸಿಕೊಂಡವನು ಬತ್ತಿಸ್ತಾ, ಆದ್ದರಿಂದ ನಾನು ಇರಬೇಕೋ ಹೋಗಬೇಕೋ ಎಂಬುದನ್ನು ಸಾನ್ ಮಾರ್ತಿನೋ ದಿನ ಅವನೇ ಹೇಳಲಿ.

ಮುಂದಿನ ಹದಿಮೂರು ದಿನ ಅವನು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಟೋಪಿ ಸರಿಮಾಡಿಕೊಂಡು ಹೋದ. ಅಪ್ಪನಿಗೆ ಎಲ್ಲ ಬರೆದು ಹಾಕಿದೆ. ನವೆಂಬರ್ 11ರ ಬೆಳಿಗ್ಗೆ ರಸ್ತೆಯಲ್ಲಿ ಮನೆ ಖಾಲಿ ಮಾಡುವವರ ಟ್ರ್ಯಾಕ್ಟರುಗಳು, ಮೇಲೆ ಮಂಚ, ತೊಟ್ಟಿಲು. ನನ್ನ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಿದ್ದೆ. ಬತ್ತಿಸ್ತಾ ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆ ನೋಡಿದ, ಪುಸ್ತಕ ಕೇಳಿದ. ಹಾಳೆ ಮಗುಚಿದ. ಅಂಕಿಗಳೂ ಕನ್ನಡದವು.

"ಇದ್ರಾಗೆ ಯಾವ ಪೀಪಾಯಿ ಜಾಸ್ತಿ ಕುಡೀತೈತೆ?"

ಐದನೆಯದು ಎಂದೆ, ಬಾಗಿಲ ಹತ್ತಿರದ್ದು.

"ನಂಗೂ ಹಂಗೇ ಅನ್ಸಿತ್ತು. ಇರು. ಬರಿ. ನಾನು ಓದೋ ಅಂಕೀಲಿ ಬರಿ." ಇಷ್ಟು ಹೇಳಿ ಇಳಿದು ಹೋದ. ಕ್ಷಮಿಸಿದೆ ಎನ್ನಲಿಲ್ಲ. ಈಗ ನೆಲಮಾಳಿಗೆಯ ಬಾಗಿಲು ಹಾಕುವುದಿಲ್ಲ. ಒಳಗೆ ಬಾ ಎಂದೂ ಕರೆಯುವುದಿಲ್ಲ. ಅವನು ಕಡ್ಡಿ ಇಳಿಸಿ ಎತ್ತಿ ತೋರಿಸುತ್ತಾನೆ, ನಾನು ಹೊಸಿಲಲ್ಲಿ ನಿಂತು ಬರೆಯುತ್ತೇನೆ.

ಡಿಸೆಂಬರ್ ಮೊದಲ ವಾರ ಅಪ್ಪನ ಪತ್ರ ಬಂತು. "ಲೇ ರುದ್ರೇಶ, ಒಬ್ಬ ಮನುಷ್ಯನ್ನ ಕಳ್ಳ ಅಂದುಬಿಟ್ಟಿದ್ದೀಯ. ನಾನು ಮೊದ್ಲು ಬಿಸಿಲಿನ ಲೆಕ್ಕ ತೆಗೀತೀನಿ, ಆಮೇಲೆ ಮನುಷ್ಯರದ್ದು. ನಿಂಗೆ ಅದನ್ನ ತಿರುಗಾ ಮುರುಗಾ ಕಲಿಸ್ದೆ ಅನ್ಸುತ್ತೆ." ಕೊನೆಯಲ್ಲಿ, ಯಾವತ್ತಿನಂತೆ, ಅಂದಿನ ಮಾರಿಕಣಿವೆಯ ಮಟ್ಟ.

ಅದನ್ನು ಪೀಪಾಯಿಗಳ ಲೆಕ್ಕದ ಪಕ್ಕದಲ್ಲೇ ಬರೆದುಕೊಂಡೆ, ಕನ್ನಡದ ಅಂಕಿಯಲ್ಲಿ. ಪೀಪಾಯಿಯ ಮಟ್ಟ ಇವತ್ತಿನದು, ಹೊಸಿಲಾಚೆ ಕಾಣುತ್ತದೆ, ಆದರೆ ಮುಟ್ಟುವಂತಿಲ್ಲ. ಊರಿಂದ ಪತ್ರ ಬರಲು ಹದಿನೆಂಟು ದಿನ ಬೇಕು. ನಾನು ಕಣ್ಣು ಮುಚ್ಚಿ ಇಳಿಯಬಲ್ಲ ನೀರಿನ ಮಟ್ಟ ಯಾವಾಗಲೂ ಹದಿನೆಂಟು ದಿನ ಹಳೆಯದು.