ಚಿರತೆ, ಕತ್ತೆಕಿರುಬ ಮತ್ತು ಚಕ್ಕುಲಿ ಡಬ್ಬಿ

ನನ್ನವರು ತೀರಿಕೊಂಡ ಮೇಲೆ ಅಮೆರಿಕದ ಸ್ಯಾನ್ ರಮೋನಿನ ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳಲು ಅಂದೇ ಮೊದಲು ಹೋಗಿದ್ದೆ. ಮಕ್ಕಳೆದುರು ಅಳಬಾರದೆಂದು ಕಾಡುಪ್ರಾಣಿಗಳ ಪಾಠವನ್ನೇ ಆರಿಸಿಕೊಂಡಿದ್ದೆ.

‘ಚಿರತೆ ಬೇಟೆಯನ್ನು ಮರದ ಮೇಲಕ್ಕೆ ಒಯ್ಯುತ್ತದೆ. ಚುಕ್ಕೆ ಕತ್ತೆಕಿರುಬಕ್ಕೆ ಮರ ಹತ್ತಲು ಬರುವುದಿಲ್ಲ’ ಎಂದೆ.

‘ಸೋ ಚಿರತೆ ವಿನ್ಸ್!’ ಎಂದಳು ಮುಂದಿನ ಸಾಲಿನ ಅನಘಾ.

ಹಿಂದೆ ಕುಳಿತಿದ್ದ ಅವಳ ಹುಬ್ಬಳ್ಳಿಯ ಅಜ್ಜ ಬಿಡಲಿಲ್ಲ. ‘ಎಲ್ಲಿ ವಿನ್ ಆತವಾ! ಕತ್ತೆಕಿರುಬ ಕೆಳಗ ನಿಂತು ನಕ್ಕೋತ ಕಾಯ್ತದ. ಮ್ಯಾಲಿಂದ ತುಣುಕು ಬಿದ್ದಾ ಬೀಳ್ತದ. ಹೌದಿಲ್ರೀ ಟೀಚರ್?’

ಮನೆಯಲ್ಲಿ ಚಕ್ಕುಲಿ ಡಬ್ಬಿಯನ್ನು ನಾನು ಕಪಾಟಿನ ಮೇಲ್ತುದಿಗಿಡುತ್ತಿದ್ದೆ. ಮೊಣಕಾಲುನೋವಿನಿಂದ ಸ್ಟೂಲು ಹತ್ತಲಾಗದ ನನ್ನವರು ಕೆಳಗೆ ನಿಂತು ನಗುತ್ತಿದ್ದರು. ನಾನೇ ಇಳಿಸಿ ಕೊಟ್ಟು, ಕೊನೆಗೆ ಅರ್ಧ ಡಬ್ಬಿ ಅವರದೇ.

‘ಹೌದು, ಕತ್ತೆಕಿರುಬವೇ ಗೆಲ್ಲುತ್ತದೆ’ ಎಂದೆ, ನಗುತ್ತಲೇ.

ಕೆಳಗೆ ಕಾಯುವವರಿಲ್ಲದಿದ್ದರೆ ಚಕ್ಕುಲಿ ಮೆತ್ತಗಾಗುತ್ತದೆ ಎಂಬುದು ಪಠ್ಯದಲ್ಲಿಲ್ಲ.