ತೂಗುಸೇತುವೆಯ ನಡುಮಧ್ಯೆ

ಎಲ್ಲಿಗೆ ಹೋದರೂ ನಮ್ಮ ಮನೆಯವರು ಗೇಟಿನ ಹತ್ತಿರವೇ ಕೂರುವ ಗಿರಾಕಿ. ನಾನು ಬೆಟ್ಟ ಹತ್ತಿದರೆ ಅವರು ಬುಡದಲ್ಲಿ ಟೀ ಕುಡಿಯುತ್ತಾರೆ. ನಾನು ಜಲಪಾತ ನೋಡಿ ಬಂದರೆ ಅವರು ಕಾರಿನಲ್ಲೇ ಕೂತು ತಿಪಟೂರಿನ ಮಂಡಿಯವರ ಜೊತೆ ಫೋನಿನಲ್ಲಿ ಕೊಬ್ಬರಿ ರೇಟು ಮಾತಾಡುತ್ತಿರುತ್ತಾರೆ. ಮದುವೆಯಾದಾಗಿನಿಂದ ಇದೇ ಕತೆ. ಒಂದೇ ಒಂದು ಚೆಂದದ ಜಾಗವನ್ನೂ ಇಬ್ಬರೂ ಅಕ್ಕಪಕ್ಕ ನಿಂತು ನೋಡಿಲ್ಲ. ಹಾಗಾಗಿ ಕಾಡಿನ ಪಾರ್ಕಿನಲ್ಲಿ ತೂಗುಸೇತುವೆ ಮಾಡಿದ್ದಾರೆ ಎಂದು ಕೇಳಿದಾಗ ನಾನು ಹಟ ಹಿಡಿದೆ. ಈ ಸಲ ಇಬ್ಬರೂ ಅದರ ನಡುವೆ ನಿಲ್ಲಲೇಬೇಕು.

ಹಳ್ಳದ ಮೇಲೆ ಅಷ್ಟುದ್ದದ ಸೇತುವೆ, ನಡುವೆ ಒಂದು ಕಂಬವೂ ಇಲ್ಲ. ಉಕ್ಕಿನ ಹಗ್ಗದ ತುದಿಯನ್ನು ಎಲ್ಲಿ ಹೂತಿದ್ದಾರೆ ಎಂದು ನಾನು ಬಗ್ಗಿ ಹುಡುಕುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯನ್ನು ಹತ್ತಿರ ತಂದು, ಜೋರಾಗಿ ಅಲ್ಲಾಡಿಸಿಯೇ ಬಿಟ್ಟರು. ಅಟ್ಟದ ಮೇಲಿನ ತೆಂಗಿನಕಾಯನ್ನು ನಮ್ಮ ಕಡೆ ಹೀಗೇ ನೋಡುವುದು. ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಎಂದರ್ಥ. ಗ್ಯಾಸ್ ಸಿಲಿಂಡರನ್ನೂ ಅಲ್ಲಾಡಿಸದೆ ನಂಬುವ ಆಸಾಮಿಯಲ್ಲ ಅವರು.

ಸೇತುವೆಯ ಮೇಲಿದ್ದ ಹುಡುಗಿಯರು ಕಿಟಾರನೆ ಕಿರುಚಿದರು. ಕಾವಲಿನವನು ಸೀಟಿ ಊದಿದ.

"ಯಜಮಾನ್ರೇ, ಅಲ್ಲಾಡಿಸ್ಬೇಡ್ರೀ! ಮೇಲೆ ಜನ ಅವ್ರೆ!"

ನಮ್ಮವರ ಮುಖ ಸಪ್ಪಗಾಯಿತು. "ನಂಗೆ ಧೈರ್ಯ ಬರ್ತಿಲ್ಲ ಕಣೇ. ನೀನು ಹೋಗ್ ಬಾ" ಎಂದು ಹಿಂದೆ ಸರಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಬ್ಬಳೇ ಹೊರಟೆ. ಆದರೆ ನಡುವೆ ಬರುವಷ್ಟರಲ್ಲಿ ಸಿಟ್ಟು ಮರೆತೇಹೋಯಿತು. ಮರಗಳ ನೆತ್ತಿಯೆಲ್ಲ ನನ್ನ ಕಾಲ ಕೆಳಗಿತ್ತು! ಹುಟ್ಟಿದಾಗಿನಿಂದ ಕತ್ತೆತ್ತಿಯೇ ಮರ ನೋಡಿದವಳು ನಾನು. ಮೇಲಿಂದ ಮರ ಹೀಗಿರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಒಂದು ಹಕ್ಕಿಗೂಡಿನ ಒಳಗೂ ಕಾಣುತ್ತಿತ್ತು. ಮೊಟ್ಟೆ ಇದೆಯೋ ಏನೋ ಎಂದು ಬಗ್ಗಿ ನೋಡುತ್ತ ನಿಂತುಬಿಟ್ಟೆ.

ಹಿಂದೆ ಹಲಗೆ ಕುಲುಕಿತು. ತಿರುಗಿದರೆ ನಮ್ಮವರು! ಎರಡೂ ಕಡೆಯ ಹಗ್ಗ ಬಿಗಿಹಿಡಿದಿದ್ದರು. ಮುಖವೆಲ್ಲ ಬೆವರು.

"ಯಾಕ್ರೀ ಬಂದ್ರಿ?"

"ಹಂಗೇ ಬಗ್ಗಿ ನಿಂತ್ಬುಟ್ಯಲ್ಲ. ತಲೆ ಸುತ್ತು ಬಂತೇನೋ ಅಂತ..."

ಏನೂ ಆಗಿಲ್ಲ ಎಂದರೆ ಅವರು ಅಲ್ಲಿಂದಲೇ ವಾಪಸ್ ಹೊರಡುವವರು.

"ಹೂಂ ರೀ, ಯಾಕೋ ಸುತ್ತುತ್ತಾ ಐತೆ. ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತ್ಕೊಳ್ಳಿ" ಎಂದು ಹಸಿ ಸುಳ್ಳು ಹೇಳಿ ಅವರ ಕೈ ಹಿಡಿದುಕೊಂಡೆ.